ಒಂದೇ ಕಿವಿಗೆ ಹಾಡಿದ ಪೆಟ್ಟಿಗೆ

ಸಕಲೇಶಪುರದ ಬೆಟ್ಟಗಳಲ್ಲಿ ಮುಂಗಾರು ನೆಲೆಗೊಂಡಿತೆಂದರೆ ಹಾಸಿದ ಬಟ್ಟೆ ಒಣಗದು, ಡಬ್ಬಿಯ ಉಪ್ಪು ನೀರೊಡೆಯುವುದು, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವುದು. ಈ ದಿನಗಳಲ್ಲಿ ಯಾವ ಯಂತ್ರ ಕೆಟ್ಟರೂ ಇಲ್ಲಿಯವರು ಮೊದಲು ದೂರುವುದು ಶೀತವನ್ನು. ಕಳೆದ ಆಷಾಢದ ಒಂದು ಸಂಜೆ ನಮ್ಮ ಮನೆಯ ಮೇಜಿನ ಸುತ್ತಲೂ ಅದೇ ಮಾತು ಕೇಳಿಬಂದಿತು.

ಮೇಜಿನ ಮೇಲಿದ್ದುದು ಹೆಡ್‌ಫೋನಿಗಾಗಿ ಕೈಯಿಂದಲೇ ಕಟ್ಟಿದ ಒಂದು ವಾಲ್ವು ವರ್ಧಕ. ಆಲೂರಿನ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನು ಎರಡು ತಿಂಗಳು ಶ್ರಮಪಟ್ಟು ಅದನ್ನು ಜೋಡಿಸಿದ್ದನು. ನಾಲ್ಕು ದಿನ ಸೊಗಸಾಗಿ ಹಾಡಿದ ಪೆಟ್ಟಿಗೆ ಐದನೆಯ ದಿನ ಎಡಗಿವಿಗೆ ಮಾತ್ರ ಹಾಡತೊಡಗಿತು; ಬಲಗಿವಿಗೆ ಸಂಪೂರ್ಣ ಮೌನ. “ಶೀತ ಒಳಗೆ ಹೊಕ್ಕಿರಬೇಕು, ಸಾರ್. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿಬಿಡುತ್ತೇನೆ” ಎಂದನು ಹುಡುಗ. ಅವನ ಬೆಸುಗೆಯ ಮೇಲೆ ನಮಗೂ ಸಂಶಯವಿದ್ದಿತು. ಅದನ್ನು ಆಡಿಯೂ ತೋರಿಸಿದೆವು. ಅವನ ಮುಖ ಬಾಡಿತು.

ಟ್ರಾನ್ಸಿಸ್ಟರಿನ ಈ ಯುಗದಲ್ಲಿ ವಾಲ್ವಿನ ಹಂಬಲವೇಕೆಂದು ವಾಚಕರು ಕೇಳಬಹುದು. 1904ರಲ್ಲಿ ಫ್ಲೆಮಿಂಗನು ಎರಡು ಧ್ರುವಗಳ ವಾಲ್ವನ್ನು ರಚಿಸಿದನು. 1906ರಲ್ಲಿ ಡಿ ಫಾರೆಸ್ಟನು ಅದಕ್ಕೆ ಮೂರನೆಯದೊಂದನ್ನು ಸೇರಿಸಿದನು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯೂ ವಾಲ್ವುಗಳ ಬಲದಿಂದಲೇ ನುಡಿಯಿತು. ಇಂದಿನ ಚಿಪ್ಪಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿದ್ದರೂ ಒಂದನ್ನಾದರೂ ಬರಿಗಣ್ಣಿನಿಂದ ಕಾಣಲಾರೆವು. ವಾಲ್ವಿನಲ್ಲಿಯಾದರೋ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುವುದು, ಪ್ರತಿಯೊಂದು ತುದಿಯನ್ನೂ ಅಳೆಯಬಹುದು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ದುರ್ಲಭ.

ಆದರೆ ಈ ಗುರು ಕೋಪಿಷ್ಠನೂ ಹೌದು. ನಮ್ಮ ಪೆಟ್ಟಿಗೆಯೊಳಗೆ 250 ವೋಲ್ಟುಗಳ ಏಕಮುಖ ವಿದ್ಯುತ್ತಿದೆ. ಸ್ವಿಚ್ಚನ್ನು ಆರಿಸಿದೊಡನೆ ಅದು ಮಾಯವಾಗದು. 100 ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ ಸುಮಾರು 3 ಜೌಲುಗಳ ಶಕ್ತಿಯಾಗಿ ಅಡಗಿ ಕುಳಿತಿರುತ್ತದೆ. ಒಂದು ಕಿಲೋಗ್ರಾಂ ತೂಕವನ್ನು ಸುಮಾರು 32 ಸೆಂಟಿಮೀಟರು ಮೇಲೆತ್ತಲು ಸಾಲುವಷ್ಟು ಶಕ್ತಿಯಿದು. ಕ್ಷಣಮಾತ್ರದಲ್ಲಿ ದೇಹದ ಮೂಲಕ ಹರಿದರೆ ಅಪಾಯ ತಪ್ಪಿದ್ದಲ್ಲ. ಅದನ್ನು ಬರಿದು ಮಾಡಲೆಂದೇ 220 ಕಿಲೋ ಓಮಿನ ರೋಧವೊಂದನ್ನು ಕಂಡೆನ್ಸರಿಗೆ ಅಡ್ಡಲಾಗಿ ಜೋಡಿಸಿದ್ದೆವು. ಎರಡರ ಗುಣಲಬ್ಧ 22 ಸೆಕೆಂಡು. ಈ ಲೆಕ್ಕದಂತೆ 250 ವೋಲ್ಟು 10 ವೋಲ್ಟಿಗೆ ಇಳಿಯಲು ಸುಮಾರು 71 ಸೆಕೆಂಡುಗಳು ಬೇಕು. ಹುಡುಗನು ಸ್ವಿಚ್ಚನ್ನು ಆರಿಸಿ ಕೂಡಲೇ ಒಳಗೆ ಕೈಯಿಕ್ಕಲು ಹೊರಟಾಗ ನಾವು ಅವನ ಮಣಿಕಟ್ಟನ್ನು ಹಿಡಿದೆವು. ಎರಡು ನಿಮಿಷ ಕಾದು, ರೋಧವೇ ಕಡಿದಿರಲೂಬಹುದೆಂದು ಮಲ್ಟಿಮೀಟರಿನಿಂದ ಅಳೆದು ನೋಡಿ, ಆಮೇಲೆ ಮುಟ್ಟಿದೆವು.

ಇನ್ನು ಶೋಧನೆ. ವರ್ಧಕದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಬಗೆಯ ಎರಡು ದಾರಿಗಳಿವೆ. ಒಂದು ಕೆಟ್ಟು ಇನ್ನೊಂದು ಉಳಿದಿರುವುದು ದುರದೃಷ್ಟದೊಳಗಿನ ಅದೃಷ್ಟ. ಆರೋಗ್ಯವಂತನು ಪಕ್ಕದಲ್ಲಿಯೇ ಇರಲು ರೋಗಿಯ ಲಕ್ಷಣಗಳನ್ನು ಹೋಲಿಸಿ ನೋಡುವುದು ಸುಲಭ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು.

ಹೆಡ್‌ಫೋನನ್ನು ತಿರುಗಿಸಿ ಧರಿಸಿದೆವು. ಮೌನವು ಎಡಗಿವಿಗೆ ಬಂದಿತು. ಎಂದರೆ ನಮ್ಮ ಕಿವಿ ನಿರ್ದೋಷಿ. ಮೊಬೈಲಿನಿಂದ ಬರುವ ಎರಡು ತಂತಿಗಳನ್ನು ಅದಲುಬದಲು ಮಾಡಿದೆವು. ಮೌನವು ಬಲದಲ್ಲಿಯೇ ಉಳಿಯಿತು, ಮೊಬೈಲೂ ನಿರ್ದೋಷಿ. ಹೆಡ್‌ಫೋನಿನ ತಂತಿಗಳನ್ನೂ ಹಾಗೆಯೇ ಬದಲಿಸಿದೆವು. ಈಗ ಎಡದ ಧ್ವನಿ ಬಲದ ಹೆಡ್‌ಫೋನಿನಲ್ಲಿ ಕೇಳಿತು. ಹೆಡ್‌ಫೋನೂ ಪಾರಾಯಿತು. ಪೆಟ್ಟಿಗೆಯ ಕೊನೆಯ ಹಂತದಲ್ಲಿ ಎಡಕ್ಕೊಂದು ಬಲಕ್ಕೊಂದು ವಾಲ್ವುಗಳಿವೆ. ಆರಿಸಿ, ತಣಿಸಿ, ಅವುಗಳ ಸ್ಥಾನ ಪಲ್ಲಟಿಸಿದರೂ ಮೌನವು ಕದಲಲಿಲ್ಲ. ಉಳಿದುದು ಮೊದಲ ಹಂತ. ಅಲ್ಲಿರುವುದು ಇಸಿಸಿ82 ಎಂಬ ಒಂದೇ ವಾಲ್ವು. ಒಂದೇ ಗಾಜಿನ ಬುರುಡೆಯಲ್ಲಿ ಎರಡು ಟ್ರಯೋಡುಗಳು, ಎಡಕ್ಕೊಂದು, ಬಲಕ್ಕೊಂದು.

ಮೀಟರಿನ ಋಣ ತಂತಿಯನ್ನು ಚಾಸಿಗೆ ಕಚ್ಚಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಂಡು ಅಳೆದೆವು. ಎಡ ಆನೋಡಿನಲ್ಲಿ 115 ವೋಲ್ಟು, ಕ್ಯಾಥೋಡಿನಲ್ಲಿ 4.3 ವೋಲ್ಟು. ಆನೋಡಿನ ರೋಧ 47 ಕಿಲೋ ಓಮು. ಅದರಲ್ಲಿ ಇಳಿದುದು 135 ವೋಲ್ಟು. ಓಮನ ನಿಯಮದಂತೆ ಪ್ರವಾಹ ಸುಮಾರು 2.9 ಮಿಲಿ ಆಂಪಿಯರು. ಬಲದಲ್ಲಿಯೋ ಆನೋಡಿನಲ್ಲಿ ಪೂರ್ಣ 250, ಕ್ಯಾಥೋಡಿನಲ್ಲಿ ಸೊನ್ನೆ.

ಈ ಎರಡು ಅಂಕೆಗಳು ಎಷ್ಟು ಹೇಳುತ್ತವೆಂಬುದನ್ನು ನೋಡಿರಿ. ಆನೋಡಿನ ರೋಧ ಕಡಿದಿದ್ದರೆ ಅಲ್ಲಿ 250 ವೋಲ್ಟು ಬರುತ್ತಲೇ ಇರಲಿಲ್ಲ. ಕ್ಯಾಥೋಡಿನ ರೋಧ ಕಡಿದಿದ್ದರೆ ಕ್ಯಾಥೋಡು ಸೊನ್ನೆಯಲ್ಲಿ ನಿಲ್ಲದೆ ಮೇಲೇರುತ್ತಿತ್ತು. ಆದುದರಿಂದ ದಾರಿಗಳೆರಡೂ ಸರಿಯಾಗಿವೆ; ಆದರೆ ಅವುಗಳ ನಡುವೆ ಇಲೆಕ್ಟ್ರಾನುಗಳು ಹರಿಯುತ್ತಿಲ್ಲ.

ಏಕೆ ಹರಿಯುತ್ತಿಲ್ಲ? ಲೋಹದೊಳಗಿನ ಇಲೆಕ್ಟ್ರಾನು ಹೊರಬರಬೇಕಾದರೆ ಅದಕ್ಕೆ ಕಾವು ಬೇಕು. ಉಷ್ಣತೆ ಏರಿದಂತೆ ಈ ಹೊಮ್ಮುವಿಕೆಯು ಅತಿ ತೀವ್ರವಾಗಿ ಹೆಚ್ಚುವುದೆಂಬ ನಿಯಮವನ್ನು ಓವನ್ ರಿಚರ್ಡ್‌ಸನ್ನನು 1901ರಲ್ಲಿ ತಿಳಿಸಿದನು. 1928ನೆಯ ಸಾಲಿನ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ಇಂತಹ ವಾಲ್ವುಗಳ ಕ್ಯಾಥೋಡು ಸುಮಾರು 1000 ಕೆಲ್ವಿನ್ನಿನಲ್ಲಿ ದುಡಿಯುತ್ತದೆ. ಅದು ತಣ್ಣಗಿದ್ದರೆ 250 ವೋಲ್ಟೂ ನಿರರ್ಥಕ.

ಹೊಸ ವಾಲ್ವನ್ನು ಬೆಂಗಳೂರಿನಿಂದ ತರಿಸುವ ಮಾತು ಬಂದಿತು. ಹಣ ಕಳುಹಿಸುವ ಮೊದಲು ಕೋಣೆಯ ದೀಪವನ್ನು ಆರಿಸಿ ನೋಡೋಣವೆಂದೆವು. ಹೊರಗೆ ಮಂಜು ಕವಿದಿತ್ತು, ಒಳಗೂ ಕತ್ತಲಾಯಿತು. ಬುರುಡೆಯೊಳಗೆ ಎರಡು ಕೆಂಡಗಳಿರಬೇಕಾದ ಕಡೆಯಲ್ಲಿ ಒಂದೇ ಒಂದು ಹೊಳೆಯುತ್ತಿತ್ತು!

ಇಸಿಸಿ82ರ ಕಾವಿನ ತಂತು ಎರಡು ಭಾಗಗಳುಳ್ಳದ್ದು. ನಡುವಿನ ತುದಿ 9ನೆಯ ಕಡ್ಡಿ. ಹೊರತುದಿಗಳು 4 ಮತ್ತು 5. 6.3 ವೋಲ್ಟಿನಲ್ಲಿ ನಡೆಸಬೇಕಾದರೆ 4 ಮತ್ತು 5ನ್ನು ಚಿಕ್ಕ ತಂತಿಯಿಂದ ಕೂಡಿಸಬೇಕು. ಒಂದೊಂದು ಭಾಗವೂ 0.15 ಆಂಪಿಯರನ್ನು ಸೆಳೆಯುವುದು. ಮೀಟರನ್ನು ಪರ್ಯಾಯ ವಿದ್ಯುತ್ತಿಗೆ ತಿರುಗಿಸಿ ಅಳೆದೆವು. 5 ಮತ್ತು 9ರ ನಡುವೆ 6.3 ವೋಲ್ಟು, 4 ಮತ್ತು 9ರ ನಡುವೆ ಸೊನ್ನೆ. ತಂತುವೇ ಕಡಿದಿದ್ದರೆ 4ರಲ್ಲಿಯೂ 6.3 ದೊರೆಯಬೇಕಿತ್ತು. ವಾಲ್ವನ್ನು ಹೊರತೆಗೆದು ರೋಧವನ್ನು ಅಳೆಯಲು ಎರಡು ಭಾಗಗಳೂ ಸಮನಾಗಿದ್ದವು. ವಾಲ್ವಿಗೆ ರೋಗವಿರಲಿಲ್ಲ, ಅದಕ್ಕೆ ಅನ್ನವೇ ತಲುಪಿರಲಿಲ್ಲ.

ಸಾಕೆಟ್ಟಿನ 4ನೆಯ ಕಡ್ಡಿಯನ್ನು ಭೂತಗನ್ನಡಿಯಿಂದ ನೋಡಿದೆವು. ಬೆಸುಗೆ ಹೊಳಪಿಲ್ಲದೆ ಹರಳುಗಟ್ಟಿ, ಸುತ್ತಲೂ ಕೂದಲೆಳೆಯಂತಹ ಬಿರುಕು. ಕಡ್ಡಿ ಸಾಕಷ್ಟು ಕಾಯುವ ಮೊದಲೇ ಸೀಸ ಕರಗಿಸಿದರೆ ಅದು ಲೋಹವನ್ನು ಹಿಡಿಯದೆ ಮೇಲೆ ಕುಳಿತಿರುತ್ತದೆ. ಬರಿಯ ತಾಗುವಿಕೆಯಿಂದ ನಾಲ್ಕು ದಿನ ನಡೆದ ಜೋಡಣೆ, ಕಾದು ತಣಿದು ಕಾದು ತಣಿದು, ಐದನೆಯ ದಿನ ಕೈಬಿಟ್ಟಿತ್ತು.

ಹುಡುಗನು ಏನನ್ನೂ ಆಡಲಿಲ್ಲ. ಆದರೆ ಅವನಿಗೂ ನಮಗೂ ನೆನಪಿತ್ತು: ಮೊದಲ ದಿನ ಬೆಸುಗೆಯ ಪಾಠವೆಂದು ಅವಸರದಲ್ಲಿ ನಾವೇ ಹಾಕಿ ತೋರಿಸಿದ ಬೆಸುಗೆ ಅದು. “ತಪ್ಪು ನಮ್ಮದಪ್ಪ” ಎಂದು ಒಪ್ಪಿಕೊಂಡೆವು. ಕಾಯ್ದ ಕಡ್ಡಿಯನ್ನು ಈ ಸಲ ಅವನಿಗೇ ಕೊಟ್ಟೆವು. ಹಳೆಯ ಸೀಸವನ್ನು ತೆಗೆದು, ಕಡ್ಡಿಯನ್ನೂ ತಂತಿಯನ್ನೂ ಒಟ್ಟಿಗೆ ಕಾಯಿಸಿ, ಅವನು ಹಾಕಿದ ಬೆಸುಗೆ ಕನ್ನಡಿಯಂತೆ ಹೊಳೆಯಿತು. ಸ್ವಿಚ್ಚು ಹಾಕಲು ಎರಡು ಕೆಂಡಗಳೂ ಹೊತ್ತಿಕೊಂಡವು. ಅರೆ ನಿಮಿಷದಲ್ಲಿ ಹಾಡು ಎರಡು ಕಿವಿಗಳಿಗೂ ಬಂದಿತು.

ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದ್ದರೆ ಪೆಟ್ಟಿಗೆ ಬಹುಶಃ ನುಡಿಯುತ್ತಿತ್ತು. ಆದರೆ ದೋಷ ಎಲ್ಲಿತ್ತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ; ಶೀತಕ್ಕೂ ಆ ಹುಡುಗನ ಕೈಗೂ ಅಪವಾದ ಉಳಿದೇಬಿಡುತ್ತಿತ್ತು. ಇಂತಹ ಪೆಟ್ಟಿಗೆಯನ್ನು ಕಟ್ಟಬಯಸುವ ತರುಣ ವಾಚಕರು ಬಲ್ಲವರೊಬ್ಬರನ್ನು ಪಕ್ಕದಲ್ಲಿರಿಸಿಕೊಂಡೇ ಕೆಲಸಕ್ಕೆ ತೊಡಗಲಿ. ಮತ್ತು ಅದು ಮೂಕವಾದ ದಿನ, ಯಾರನ್ನಾದರೂ ದೂರುವ ಮುನ್ನ ಮೀಟರನ್ನು ಕೇಳಲಿ.