ಕಂಪ್ಯೂಟರ್‌ಗೆ ಏಳಲು ಇಷ್ಟು ಹೊತ್ತೇಕೆ?

ಪ್ರಶ್ನೆ: ಸಿಂಗಪುರದಲ್ಲಿದ್ದೇವೆ. ಮನೆಯ ಹಳೇ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ನನ್ನ ಕಾಫಿ ಮುಗಿದಿರುತ್ತದೆ. ಹೊಸದು ಕೊಳ್ಳಲೇಬೇಕೆ?

ಉತ್ತರ: ಕಂಪ್ಯೂಟರ್ ಅಂಗಡಿಗಳ ಸಿಮ್ ಲಿಮ್ ಸ್ಕ್ವೇರ್‌ಗೆ ಓಡುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಪಟ್ಟಿ ನೋಡಿ (ವಿಂಡೋಸ್ 8ರಿಂದ ಅದು ಅಲ್ಲೇ ಇದೆ). ಸ್ಪಾಟಿಫೈ, ಟೀಮ್ಸ್, ಪ್ರಿಂಟರಿನ ಪರಿವಾರ, ಎಲ್ಲ ಕರೆಯದೇ ಬಂದು ಪಂಕ್ತಿಯಲ್ಲಿ ಕೂತಿರುತ್ತವೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಒತ್ತಿ. ತಂತ್ರಾಂಶವೇನೂ ಅಳಿಸಿಹೋಗದು, ಬೇಕಾದಾಗ ನೀವೇ ತೆರೆಯಬಹುದು. ಆಂಟಿವೈರಸ್, ಟಚ್‌ಪ್ಯಾಡ್ ತಂಟೆಗೆ ಹೋಗಬೇಡಿ. ಕನ್ನಡ ತಂತ್ರಾಂಶ ನುಡಿಯೋ ಬರಹವೋ ಕಂಡರೆ? ದಿನವೂ ಕನ್ನಡ ಟೈಪಿಸುವವರಾದರೆ ಇರಲಿ ಬಿಡಿ. ಅಪರೂಪಕ್ಕಾದರೆ ವಿಂಡೋಸ್‌ನದೇ ಕನ್ನಡ ಕೀಲಿಮಣೆ ಸಾಕು.

ಇಷ್ಟಾದರೂ ಆಮೆ ನಡಿಗೆಯೇ? ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದ್ದೀತು. ಆಗ ಸಿಮ್ ಲಿಮ್‌ಗೆ ಹೋಗಿ, ಆದರೆ ಕಂಪ್ಯೂಟರ್ ಬೇಡ, ಆ ಡಿಸ್ಕಿನ ಜಾಗಕ್ಕೆ ಒಂದು ವೇಗದ ಎಸ್‌ಎಸ್‌ಡಿ ತನ್ನಿ.