ಗೋಧಿ ಬಿಟ್ಟವರ ಲೋಟದಲ್ಲಿ ಅಡಗಿರುವ ಗೋಧಿ

"ಡಾಕ್ಟ್ರೇ, ಚಪಾತಿ ಬಿಟ್ಟು ಆರು ತಿಂಗಳಾಯಿತು. ಬ್ರೆಡ್ಡು, ಬಿಸ್ಕತ್ತು ಮನೆಯೊಳಕ್ಕೇ ತರುವುದಿಲ್ಲ. ಆದರೂ ಹೊಟ್ಟೆಯುಬ್ಬರ ಹೋಗಿಲ್ಲ, ಭೇದಿ ನಿಂತಿಲ್ಲ." ಸೀಲಿಯಾಕ್ ಕಾಯಿಲೆ ಇರುವವರ ಮನೆಯಿಂದ ಬರುವ ದೂರುಗಳಲ್ಲಿ ಇದು ಬಹಳ ಸಾಮಾನ್ಯ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಶಾಂಪೂವಿನಲ್ಲಿ ಗೋಧಿ ಇರುತ್ತದಂತೆ, ಅದರಿಂದ ಹೀಗಾಗುತ್ತಿದೆಯೇ?" ತಲೆಗೆ ಹಾಕುವ ಶಾಂಪೂವಿಗೆ ಹೆದರುವ ಮನೆಯಲ್ಲೇ ಸಂಜೆ ಮಗುವಿಗೆ ಮಾಲ್ಟ್ ಪುಡಿ ಬೆರೆಸಿದ ಹಾಲು, ಅಜ್ಜಿಗೆ ಬಾರ್ಲಿ ನೀರು ತಪ್ಪದೆ ನಡೆಯುತ್ತಿರುತ್ತದೆ. ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಆದ್ದರಿಂದ ಈ ವಾರ ಎರಡನ್ನೂ ಒಟ್ಟಿಗೆ ನೋಡೋಣ.

ಮೊದಲು ಗ್ಲುಟೆನ್ ಎಂದರೇನು ಎಂದು ತಿಳಿಯಬೇಕು. ಚಪಾತಿಗೆ ನಾದಿದ ಹಿಟ್ಟಿನ ಒಂದು ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಸುಕುತ್ತಾ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನೊಂದಿಗೆ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಪ್ರೋಟೀನು. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಇದರ ಗುಣದಿಂದಲೇ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಇದು, ಇಲ್ಲವೇ ಇದರ ಹತ್ತಿರದ ಸಂಬಂಧಿ ಪ್ರೋಟೀನುಗಳು ಇರುತ್ತವೆ. ಮೈದಾ, ರವೆ, ಶ್ಯಾವಿಗೆ ಎಲ್ಲವೂ ಗೋಧಿಯೇ. ಜವಾರಿ ಗೋಧಿ, ಖಪ್ಲಿ ಗೋಧಿ ತಿನ್ನಬಹುದೇ ಎಂದು ಕೇಳುವವರಿದ್ದಾರೆ. ಅವೂ ಗೋಧಿಗಳೇ, ತಿನ್ನಬಾರದು. ಅಕ್ಕಿ, ರಾಗಿ, ಜೋಳ, ನವಣೆ, ಸಜ್ಜೆ, ಮೆಕ್ಕೆಜೋಳಗಳಲ್ಲಿ ಈ ತೊಂದರೆ ಇಲ್ಲ.

ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗ್ಲುಟೆನ್ ಸಣ್ಣ ಕರುಳನ್ನು ತಲುಪಿದ ಕೂಡಲೇ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಮೈ ಟರ್ಕಿ ಟವೆಲಿನಂತೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಆಹಾರದ ಸತ್ವವನ್ನು ಹೀರುವುದು ಈ ಎಳೆಗಳೇ. ಕಾಯಿಲೆಯಲ್ಲಿ ಅವು ಸವೆದು ಒಳಮೈ ನುಣ್ಣಗಾಗುತ್ತದೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಎಷ್ಟು ಟಾನಿಕ್ ಕುಡಿದರೂ ಏರದ ರಕ್ತ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ದೊಡ್ಡವರಲ್ಲಿ ಮೂಳೆ ಸವೆತ ಇವೆಲ್ಲ ಇದರ ಫಲ. ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1930ರ ದಶಕದಿಂದಲೇ ಅವರಿಗೆ ಸಂಶಯವಿತ್ತು. ಮಹಾಯುದ್ಧ ಮುಗಿದ ಮೇಲೆ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಮಂಡಿಸಿದರು. ಇಂದಿಗೂ ಇದಕ್ಕೆ ಗೋಧಿ, ಬಾರ್ಲಿಗಳನ್ನು ಪೂರ್ತಿ ಬಿಡುವುದೇ ಚಿಕಿತ್ಸೆ.

ಪೂರ್ತಿ ಎಂದರೆ ಎಷ್ಟು? ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 3 ಗ್ರಾಂ, ಅಂದರೆ 3000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. 2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಈ ಕಾಯಿಲೆಯವರಿಗೆ ದಿನಕ್ಕೆ ಬರೀ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟು ನೋಡಿದರು. ಅಷ್ಟಕ್ಕೇ ಕರುಳಿನ ಎಳೆಗಳು ಸವೆಯತೊಡಗಿದವು. 50 ಮಿಲಿಗ್ರಾಂ ಎಂದರೆ ಒಂದು ಚಪಾತಿಯ ಅರವತ್ತನೇ ಒಂದು ಪಾಲು, ಒಂದು ಚೂರು. "ಹಬ್ಬಕ್ಕೆ ಒಂದೇ ಒಂದು ಹೋಳಿಗೆ" ಎನ್ನುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಮಾಲ್ಟ್ ಎಂಬ ಮಾತಿನ ಮೋಸ

ಪಾನೀಯಗಳ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಗ್ಲುಟೆನ್ ಗೊತ್ತಿಲ್ಲದೆ ಹೊಟ್ಟೆ ಸೇರುವುದು ಹಾಲಿಗೆ ಬೆರೆಸುವ ಪುಡಿಗಳ ಮೂಲಕ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಯಾವ ಧಾನ್ಯವೆಂದು ಹೇಳದೆ ಬರೀ ಮಾಲ್ಟ್ ಎಂದು ಬರೆದಿದ್ದರೆ ಅದು ಬಾರ್ಲಿ ಎಂದೇ ತಿಳಿಯಿರಿ. ಹಾರ್ಲಿಕ್ಸನ್ನೇ ನೋಡಿ. 1883ರಲ್ಲಿ ಅಮೆರಿಕದಲ್ಲಿ ಹಾರ್ಲಿಕ್ ಸಹೋದರರ ಈ ಪುಡಿಗೆ ಪೇಟೆಂಟ್ ದೊರೆತಾಗಲೇ ಅದು ಮೊಳಕೆ ಬಾರ್ಲಿ, ಗೋಧಿ ಹಿಟ್ಟು ಸೇರಿದ ಆಹಾರವಾಗಿತ್ತು. ಬೋರ್ನ್‌ವಿಟಾ, ಬೂಸ್ಟ್‌ಗಳಲ್ಲೂ ಮಾಲ್ಟಿನ ಸಾರವಿದೆ. ಆರೋಗ್ಯವಂತ ಮಗುವಿಗೆ ಈ ಗ್ಲುಟೆನ್‌ನಿಂದ ಏನೂ ಆಗುವುದಿಲ್ಲ. ಸೀಲಿಯಾಕ್ ಇರುವ ಮಗುವಿಗೆ ಮಾತ್ರ ಇದು ದಿನಕ್ಕೆರಡು ಬಾರಿ ಲೋಟದಲ್ಲಿ ಕೊಟ್ಟ ಗೋಧಿ.

ನಾನು ನೋಡಿದ ಒಂಬತ್ತು ವರ್ಷದ ಒಬ್ಬ ಹುಡುಗನ ಕಥೆ ಇದೇ. ಕಾಯಿಲೆ ಪತ್ತೆಯಾಗಿ ಗೋಧಿ ಬಿಟ್ಟ ಮೇಲೂ ತೂಕ ಏರಲಿಲ್ಲ, ರಕ್ತದಲ್ಲಿ ಕಾಯಿಲೆಯ ಪ್ರತಿಕಾಯಗಳು ಇಳಿಯಲಿಲ್ಲ. ತಾಯಿ ಊಟತಿಂಡಿಯ ಪಟ್ಟಿಯನ್ನು ಗಂಟೆ ಸಮೇತ ಬರೆದು ತಂದಿದ್ದರು; ಹುಡುಕಿದರೂ ಗೋಧಿ ಸಿಗದಷ್ಟು ಶುದ್ಧವಾದ ಪಟ್ಟಿ. "ಕುಡಿಯುವುದು ಏನೇನು?" ಎಂದು ಕೇಳಿದೆ. "ಹಾಲು ಮಾತ್ರ" ಎಂದರು. ಹುಡುಗ ಮಧ್ಯೆ ಬಾಯಿ ಹಾಕಿ, "ಅಜ್ಜಿ ಅದಕ್ಕೆ ಎರಡು ಚಮಚ ಶಕ್ತಿ ಪುಡಿ ಹಾಕ್ತಾರೆ" ಎಂದ. ಮಗು ಸೊರಗಿದೆ, ಚಪಾತಿಯೂ ಇಲ್ಲ, ಹಾಲಿನಲ್ಲಾದರೂ ಶಕ್ತಿ ಹೋಗಲಿ ಎಂಬುದು ಆ ಹಿರಿಯರ ಪ್ರೀತಿ. ಪುಡಿ ನಿಲ್ಲಿಸಿ ಬರಿಯ ಹಾಲು, ಬಾಳೆಹಣ್ಣು, ರಾಗಿ ಗಂಜಿ ಕೊಡತೊಡಗಿದ ಮೇಲೆ ಕೆಲವು ತಿಂಗಳಲ್ಲಿ ತೂಕದ ಮುಳ್ಳು ಕದಲಿತು. ಇಂಥ ಮನೆಗಳಲ್ಲಿ ನಿಯಮವನ್ನು ತಾಯಿಗೆ ಹೇಳಿದರೆ ಸಾಲದು, ಅಜ್ಜಿಯನ್ನೂ ಕೂರಿಸಿಕೊಂಡು ಹೇಳಬೇಕು ಎನ್ನುವುದು ನನ್ನ ಅನುಭವ.

ಹಾಗಾದರೆ ರಾಗಿ ಮಾಲ್ಟ್? ಮನೆಯಲ್ಲೇ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ ಪುಡಿಯಲ್ಲಿ ಗ್ಲುಟೆನ್ ಇಲ್ಲ. ಹೆಸರು ಒಂದೇ ಆದರೂ ಇಲ್ಲಿ ಮೊಳಕೆ ಬಂದಿರುವುದು ರಾಗಿ. ಆದರೆ ಎರಡು ಕಡೆ ಎಚ್ಚರ ಬೇಕು. ಅಂಗಡಿಯ ರಾಗಿ ಮಾಲ್ಟ್, ಸಿರಿಧಾನ್ಯದ ಹೆಲ್ತ್ ಮಿಕ್ಸ್‌ಗಳಲ್ಲಿ ಹಲವಕ್ಕೆ ಗೋಧಿ, ಬಾರ್ಲಿ ಸೇರಿಸಿರುತ್ತಾರೆ. ಮುಂದೆ ದೊಡ್ಡ ಅಕ್ಷರದಲ್ಲಿ ರಾಗಿ, ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ. ಎರಡನೆಯದು ಹಿಟ್ಟಿನ ಗಿರಣಿ. ನಿಮಗಿಂತ ಮುಂಚೆ ಗೋಧಿ ಬೀಸಿಸಿಕೊಂಡು ಹೋದವರ ಹಿಟ್ಟು ಕಲ್ಲಿನಲ್ಲೂ ಬಾಯಿಯಲ್ಲೂ ಉಳಿದಿರುತ್ತದೆ, ಅದು ನಿಮ್ಮ ರಾಗಿಯ ಜೊತೆ ಡಬ್ಬಿಗೆ ಬೀಳುತ್ತದೆ. ಗೋಧಿ ಹಾಕದ ಗಿರಣಿ ಸಿಕ್ಕರೆ ಉತ್ತಮ. ಇಲ್ಲವಾದರೆ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ಬಾರ್ಲಿ ನೀರಿನ ಮೇಲೆ ನಮ್ಮವರಿಗೆ ಅಪಾರ ನಂಬಿಕೆ. ಉರಿಮೂತ್ರಕ್ಕೆ ಬಾರ್ಲಿ, ಬಸುರಿಯ ಕಾಲು ಊದಿದರೆ ಬಾರ್ಲಿ, ಬೇಸಿಗೆಯಲ್ಲಿ ಮೈ ತಂಪಾಗಲು ಬಾರ್ಲಿ. ಜವೆಗೋಧಿ ಎಂಬ ಹೆಸರಿನಲ್ಲೇ ಅದರ ಕುಲ ಇದೆ. ಬೇಯಿಸಿ ಸೋಸಿದರೂ ಅದರ ಪ್ರೋಟೀನು ನೀರಿನಲ್ಲಿ ಉಳಿಯುತ್ತದೆ. ಸೀಲಿಯಾಕ್ ಇರುವವರು ಇದನ್ನು ಮುಟ್ಟಬಾರದು. ಎಳನೀರು, ಮಜ್ಜಿಗೆ, ಸಾದಾ ನೀರು ಸಾಕು.

ಮಜ್ಜಿಗೆ ಎಂದ ಕೂಡಲೇ ಇಂಗಿನ ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ಊಹಿಸುವುದಿಲ್ಲ. ಅಪ್ಪಟ ಇಂಗು ಬಹಳ ಖಾರ, ಬಹಳ ದುಬಾರಿ. ಆದ್ದರಿಂದ ನಾವು ಕೊಳ್ಳುವ ಡಬ್ಬಿಯ ಇಂಗು ಅಂಟು ಮತ್ತು ಹಿಟ್ಟು ಬೆರೆಸಿದ್ದು, ಆ ಹಿಟ್ಟು ಬಹಳ ಸಲ ಗೋಧಿಯದೇ. ಚಿಟಿಕೆ ಇಂಗಿನಲ್ಲಿ ಎಷ್ಟಿರುತ್ತದೆ ಎಂದರೆ ಅಲ್ಪವೇ. ಆದರೆ ಸಾರು, ಹುಳಿ, ಒಗ್ಗರಣೆ, ನೀರು ಮಜ್ಜಿಗೆ, ಉಪ್ಪಿನಕಾಯಿ ಎಂದು ದಿನವೂ ಎರಡು ಹೊತ್ತೂ ಸೇರುತ್ತಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿಯ ಹಿಂಭಾಗ ಓದಿ ತನ್ನಿ. ಸಿಗದಿದ್ದರೆ ಜೀರಿಗೆ, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆಗೆ ಏನು ಕೊರತೆ!

ಕಾಫಿ, ಟೀ ಕುಡಿಯುವವರು ನಿಶ್ಚಿಂತರಾಗಿರಬಹುದು. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಗ್ಲುಟೆನ್ ಇಲ್ಲ. ಕಚೇರಿಗಳಲ್ಲಿರುವ ಯಂತ್ರದಲ್ಲಿ ಅದೇ ಕೊಳವೆಯಿಂದ ಮಾಲ್ಟ್ ಹಾಲೂ ಇಳಿಯುವುದಿದ್ದರೆ ಅದನ್ನು ಬಿಟ್ಟು ಹೋಟೆಲಿನ ಕಾಫಿಗೆ ಹೋಗಿ. ಎಳನೀರು, ಕಬ್ಬಿನ ಹಾಲು, ಹಣ್ಣಿನ ರಸ, ಪಾನಕ ಇವುಗಳಿಗೆ ಅಡ್ಡಿಯಿಲ್ಲ. ಗೋಧಿ ಹುಲ್ಲಿನ ರಸ ಕುಡಿಯುವವರು ಬೆಳಗಿನ ವಾಕಿಂಗ್‌ನಲ್ಲಿ ಈಗ ಬಹಳ. ಎಳೆಯ ಹುಲ್ಲಿನಲ್ಲಿ ಗ್ಲುಟೆನ್ ಇರುವುದಿಲ್ಲ, ನಿಜ. ಆದರೆ ಬೇರಿಗೆ ಅಂಟಿದ ಒಂದೆರಡು ಕಾಳು ರುಬ್ಬುವಾಗ ಸೇರಿಬಿಟ್ಟರೆ ಎಲ್ಲ ಮುಗಿಯಿತು. ಬಿಡುವುದೇ ಮೇಲು. ಬಿಯರ್ ಬಾರ್ಲಿ ಮಾಲ್ಟಿನಿಂದಲೇ ಮಾಡುವಂಥದ್ದು, ಕೂಡದು. ವಿಸ್ಕಿ, ಬ್ರಾಂದಿಗಳು ಭಟ್ಟಿ ಇಳಿಸಿದವು, ಪ್ರೋಟೀನು ಹಬೆಯ ಜೊತೆ ಏರುವುದಿಲ್ಲ. ಹಾಗೆಂದು ಇದನ್ನು ವೈದ್ಯರ ಅಪ್ಪಣೆ ಎಂದು ಮನೆಯಲ್ಲಿ ಹೇಳಬೇಡಿ.

ಒಂದು ಹೆಸರಿಗೆ ವೃಥಾ ಹೆದರಬೇಡಿ: ಮಾಲ್ಟೊಡೆಕ್ಸ್‌ಟ್ರಿನ್. ಹೆಸರಿನಲ್ಲಿ ಮಾಲ್ಟ್ ಇದ್ದರೂ ಇದು ಸಾಮಾನ್ಯವಾಗಿ ಮೆಕ್ಕೆಜೋಳ, ಮರಗೆಣಸಿನಂಥವುಗಳ ಪಿಷ್ಟದಿಂದ ತೆಗೆದದ್ದು.

ಕನ್ನಡಿಯ ಮುಂದಿನ ಡಬ್ಬಿಗಳು

ಈಗ ಶಾಂಪೂವಿನ ಪ್ರಶ್ನೆ. ಗ್ಲುಟೆನ್ ಕಣ ಬಹಳ ದೊಡ್ಡದು, ಆರೋಗ್ಯವಂತ ಚರ್ಮವನ್ನು ದಾಟಿ ರಕ್ತ ಸೇರಲಾರದು. ಸೀಲಿಯಾಕ್ ಕಾಯಿಲೆ ಕೆರಳಬೇಕಾದರೆ ಅದು ಕರುಳನ್ನು ತಲುಪಬೇಕು. ಆದ್ದರಿಂದ ಪ್ರತಿ ಡಬ್ಬಿಯ ಮುಂದೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ, ಇದು ಬಾಯಿಗೆ ಹೋಗುತ್ತದೆಯೇ? ಶಾಂಪೂ, ತಲೆಯ ಎಣ್ಣೆ, ಸ್ನೋ, ಪೌಡರು, ಕಾಡಿಗೆಗಳು ಹೋಗುವುದಿಲ್ಲ. ಲಿಪ್‌ಸ್ಟಿಕ್, ಲಿಪ್ ಬಾಮ್, ಟೂತ್‌ಪೇಸ್ಟ್, ಬಾಯಿ ಮುಕ್ಕಳಿಸುವ ದ್ರಾವಣ ಹೋಗುತ್ತವೆ. ಇವುಗಳಲ್ಲೂ ಹೆಚ್ಚಿನವುಗಳಲ್ಲಿ ಗ್ಲುಟೆನ್ ಇರುವುದಿಲ್ಲ. ಇದ್ದರೂ ತುಟಿಯಿಂದ ಹೊಟ್ಟೆಗೆ ಇಳಿಯುವುದು ಎಷ್ಟು ಮಹಾ? ಆದರೂ ಗೋಧಿ ಇಲ್ಲದ್ದು ಸಿಗುವಾಗ ಇರುವುದನ್ನು ಏಕೆ ಕೊಳ್ಳಬೇಕು? ಪೇಸ್ಟನ್ನು ಉಗಿಯದೆ ನುಂಗುವ ಚಿಕ್ಕ ಮಕ್ಕಳ ವಿಷಯದಲ್ಲಿ, ಕೈಗೆ ಕ್ರೀಮು ಹಚ್ಚಿಕೊಂಡು ಹಾಗೇ ಅನ್ನ ಕಲಸುವವರ ವಿಷಯದಲ್ಲಿ ಸ್ವಲ್ಪ ಹೆಚ್ಚಿನ ಗಮನವಿರಲಿ. ಮುಖಕ್ಕೆ ಕಡಲೆಹಿಟ್ಟು, ಅರಿಶಿನ ಹಚ್ಚಲು ಭಯವಿಲ್ಲ. ಗೋಧಿ ತೌಡು ಬೇಡ. ಚರ್ಮಕ್ಕಾಗಿ ಅಲ್ಲ, ಅದರ ದೂಳು ಮೂಗು ಬಾಯಿಗಳಿಂದ ಒಳಗೆ ಹೋಗುತ್ತದೆ, ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಮಕ್ಕಳು ಆಟಕ್ಕೆ ಬಳಸುವ ಬಣ್ಣದ ಮೆತ್ತನೆಯ ಹಿಟ್ಟೂ ಅನೇಕ ಸಲ ಗೋಧಿಯದೇ. ಆಡಿದ ಮೇಲೆ ಕೈ ತೊಳೆಸಿ.

ಡಬ್ಬಿಗಳ ಮೇಲೆ ಗೋಧಿಯನ್ನು ಗೋಧಿ ಎಂದು ಬರೆದಿರುವುದಿಲ್ಲ, ಸಸ್ಯಶಾಸ್ತ್ರದ ಹೆಸರಿನಲ್ಲಿ ಬರೆದಿರುತ್ತಾರೆ. ಟ್ರಿಟಿಕಮ್ ವಲ್ಗೇರ್ ಎಂದರೆ ಗೋಧಿ, ಹಾರ್ಡಿಯಮ್ ವಲ್ಗೇರ್ ಎಂದರೆ ಬಾರ್ಲಿ, ಸೀಕೇಲ್ ಸೀರಿಯೇಲ್ ಎಂದರೆ ರೈ. ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ಎಂಬುದು ಕೂದಲಿಗೆ ಹೊಳಪು ಬರಲೆಂದು ಹಾಕುವ, ತುಂಡು ಮಾಡಿದ ಗೋಧಿ ಪ್ರೋಟೀನು. ಈ ನಾಲ್ಕು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಅನುಕೂಲ. ತಿನ್ನುವ ಪದಾರ್ಥಗಳ ಪೊಟ್ಟಣಗಳಲ್ಲಿ ಇಷ್ಟು ಕಷ್ಟವಿಲ್ಲ. ಗ್ಲುಟೆನ್ ಇರುವ ಧಾನ್ಯ ಸೇರಿದ್ದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ಭಾರತದ ಆಹಾರ ಕಾನೂನು ಹೇಳುತ್ತದೆ, ಮತ್ತು 'ಗ್ಲುಟೆನ್ ಫ್ರೀ' ಎಂದು ಬರೆದ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಬಿಡಿಯಾಗಿ ತೂಗಿ ಕೊಡುವ ಪುಡಿಗಳಿಗೆ ಓದಲು ಚೀಟಿಯೇ ಇರುವುದಿಲ್ಲ. ಅವನ್ನು ಕೊಳ್ಳದಿರುವುದೇ ವಾಸಿ.

ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ಮಾತಿಗೆ ಒಂದು ಅಪವಾದವಿದೆ. ಸೀಲಿಯಾಕ್ ಬೇರೆ, ಗೋಧಿಯ ಅಲರ್ಜಿ ಬೇರೆ. ಅಲರ್ಜಿಯಲ್ಲಿ ನಿಮಿಷಗಳಲ್ಲೇ ದದ್ದು, ಮುಖದ ಊತ, ಉಬ್ಬಸ ಬರುತ್ತದೆ. ಜಪಾನಿನಲ್ಲಿ ಒಂದು ಮುಖದ ಸಾಬೂನಿಗೆ ತುಂಡು ಮಾಡಿದ ಗೋಧಿ ಪ್ರೋಟೀನು ಹಾಕಿ ಮಾರಿದ್ದರು. ದಿನವೂ ಅದರಲ್ಲಿ ಮುಖ ತೊಳೆದವರಲ್ಲಿ 2 ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು, ಆಮೇಲೆ ಗೋಧಿ ತಿಂದರೂ ಮೈ ಊದತೊಡಗಿತು. 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಆದ್ದರಿಂದ ಯಾವುದೇ ಕ್ರೀಮು, ಸಾಬೂನಿನಿಂದ ತುರಿಕೆ ಬಂದರೆ ಅದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇದಕ್ಕೆ ತದ್ವಿರುದ್ಧವೂ ಉಂಟು. ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ವಿಪರೀತ ತುರಿಸುವ ಸಣ್ಣ ಗುಳ್ಳೆಗಳು ಎದ್ದರೆ ಜನ ಸೋಪು ಬದಲಿಸುತ್ತಾರೆ, ಎಣ್ಣೆ ಬದಲಿಸುತ್ತಾರೆ. ಸೀಲಿಯಾಕ್‌ಗೆ ಸಂಬಂಧಿಸಿದ ಒಂದು ಚರ್ಮರೋಗ ಹೀಗೇ ಕಾಣುತ್ತದೆ. ಅದರ ಮೂಲ ಹಚ್ಚಿದ್ದರಲ್ಲಿ ಇಲ್ಲ, ತಿಂದದ್ದರಲ್ಲಿದೆ. ಊಟದಿಂದ ಗೋಧಿ ಹೋಗುವವರೆಗೆ ಅದು ಬಗ್ಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೆಲವರು ನಾಳೆಯಿಂದಲೇ ಗೋಧಿ ಬಿಡಲು ಹೊರಡಬಹುದು. ದಯವಿಟ್ಟು ಬೇಡ. ದೇಶದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ರಕ್ತಪರೀಕ್ಷೆಯ ಅಧ್ಯಯನದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ ಸಿಕ್ಕರೆ, ದಕ್ಷಿಣದಲ್ಲಿ ಸಿಕ್ಕಿದ್ದು ಸಾವಿರಕ್ಕೆ ಒಬ್ಬರಂತೆ. ನಮ್ಮಲ್ಲಿ ಹೊಟ್ಟೆಯುಬ್ಬರಕ್ಕೆ ಬೇರೆ ಕಾರಣಗಳೇ ಹೆಚ್ಚು. ಸಂಶಯವಿದ್ದರೆ ಟಿಟಿಜಿ ಎಂಬ ರಕ್ತಪರೀಕ್ಷೆ ಇದೆ, ಅಗತ್ಯ ಬಿದ್ದರೆ ಎಂಡೊಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಪತ್ತೆಯಾಗಿದ್ದರೆ ತಂದೆತಾಯಿ, ಮಕ್ಕಳು, ಒಡಹುಟ್ಟಿದವರೂ ಈ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ತೊಂದರೆ ಇಲ್ಲದಿದ್ದರೂ ಸರಿಯೇ. ಪರೀಕ್ಷೆ ಮುಗಿಯುವವರೆಗೂ ಚಪಾತಿ, ಉಪ್ಪಿಟ್ಟು ಎಂದಿನಂತೆ ನಡೆಯಲಿ. ಮೊದಲೇ ಗೋಧಿ ಬಿಟ್ಟು ಆಮೇಲೆ ರಕ್ತ ಕೊಟ್ಟರೆ, ಕಾಯಿಲೆ ಇದ್ದರೂ ವರದಿಯಲ್ಲಿ ಇಲ್ಲವೆಂದೇ ಬರಬಹುದು.