ಕಟ್ಟಿಗೆ ಮೀನು: ಸಾಲಕ್ಕಿಂತ ಮೊದಲು ಬಕೆಟ್ ಪರೀಕ್ಷೆ



ಕಲಘಟಗಿಯ ಬಣ್ಣದ ತೊಟ್ಟಿಲು, ಕೊಪ್ಪಳ ಜಿಲ್ಲೆಯ ಕಿನ್ನಾಳ ಗೊಂಬೆ ಯಾರಿಗೆ ಗೊತ್ತಿಲ್ಲ? ಕಟ್ಟಿಗೆ ಕೆಲಸ, ಬಣ್ಣದ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಅದೇ ಜಾತಿಯ ಒಂದು ಸಣ್ಣ ಕೆಲಸ, ಗಾಳಕ್ಕೆ ಕಟ್ಟುವ ಕಟ್ಟಿಗೆ ಮೀನು. ಅಂಗಡಿಯವರು ಇದಕ್ಕೆ 'ಲೂರ್' ಅಂತಾರೆ.

ಇದರಿಂದ ಮೀನು ಹೇಗೆ ಬೀಳುತ್ತದೆ?

ಕೊರವ ಮೀನು (ಮರಲ್) ಕಪ್ಪೆ, ಸಣ್ಣ ಮೀನು ತಿಂದು ಬದುಕುತ್ತದೆ. ಗಾಳಿಗಾಗಿ ಆಗಾಗ ನೀರಿನ ಮೇಲೆ ಬರುತ್ತದೆ. ಮೇಲೆ ಏನಾದರೂ ಒದ್ದಾಡಿದರೆ ಬೇಟೆ ಅಂತ ತಿಳಿದು ಹಿಡಿಯುತ್ತದೆ. ಕಟ್ಲಾ, ರೋಹು ಸಾಮಾನ್ಯವಾಗಿ ಇದಕ್ಕೆ ಬೀಳುವುದಿಲ್ಲ. ಹಾಗಾಗಿ ಎಲ್ಲ ಮೀನುಗಾರರೂ ಕೊಳ್ಳುವ ಸಾಮಾನು ಇದಲ್ಲ, ನೆನಪಿರಲಿ.

ಮಾಡುವ ವಿಧಾನ

1. ಹಗುರ ಕಟ್ಟಿಗೆ ಬೇಕು. ಬಡಿಗೇರ ಅಂಗಡಿಯ ಚೂರು, ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ ನಡೆಯುತ್ತದೆ. 3 ಇಂಚು ಉದ್ದ, ಮುಕ್ಕಾಲು ಇಂಚು ದಪ್ಪ ಸಾಕು.
2. ರಟ್ಟಿನಲ್ಲಿ ಮೀನಿನ ಆಕಾರ ಕತ್ತರಿಸಿ, ಅದನ್ನಿಟ್ಟು ಗೆರೆ ಎಳೆಯಿರಿ. ಚಾಕುವನ್ನು ಮೈಯಿಂದ ಆಚೆಗೆ ಎಳೆದು ಕೆತ್ತಿ, ಪಾಲಿಶ್ ಕಾಗದದಿಂದ ತಿಕ್ಕಿ.
3. ಹೊಟ್ಟೆಯುದ್ದಕ್ಕೂ ಹ್ಯಾಕ್ಸಾ ಬ್ಲೇಡಿನಿಂದ ಸೀಳು ಮಾಡಿ. ಮೂತಿಯಿಂದ ಬಾಲದವರೆಗೆ ಒಂದೇ ಸ್ಟೀಲ್ ತಂತಿ ಕೂಡಿಸಿ, ಮೂತಿ, ಹೊಟ್ಟೆ, ಬಾಲದಲ್ಲಿ ಕುಣಿಕೆ ಬಿಡಿ. ಕಟ್ಟಿಗೆ ಒಡೆದರೂ ತಂತಿ ಹಿಡಿದಿರುತ್ತದೆ. ಸೀಳನ್ನು ಎಂ-ಸೀಲ್‌ನಿಂದ ಮುಚ್ಚಿ.
4. ಒಂದು ಕೈ ವಾರ್ನಿಷ್ ಹಚ್ಚಿ ಒಣಗಿಸಿ, ಹೊಟ್ಟೆ ಮತ್ತು ಬಾಲದ ಕುಣಿಕೆಗೆ ಕೊಕ್ಕೆ ಹಾಕಿ, ಬಕೆಟ್ ನೀರಿನಲ್ಲಿ ಬಿಡಿ. ಬೆನ್ನು ಮೇಲಿರಬೇಕು. ಮಗ್ಗಲಾಗಿ ಮಲಗಿದರೆ ಹೊಟ್ಟೆಗೆ ಮೊಳೆ ತುಂಡು ದಾರದಿಂದ ಕಟ್ಟಿ ನೋಡಿ. ಸರಿಯಾದ ಜಾಗ ಸಿಕ್ಕ ಮೇಲೆ ಅಲ್ಲೇ ತೂತು ಹಾಕಿ, ಮೊಳೆ ಕೂಡಿಸಿ ಮುಚ್ಚಿ.
5. ಕೊಕ್ಕೆ ಬಿಚ್ಚಿ ಬಣ್ಣ ಹಚ್ಚಿ. ಬಣ್ಣ ಒಣಗಿದ ಮೇಲೆ ಎರಡು ಮೂರು ಕೈ ವಾರ್ನಿಷ್ ಕೊಡಿ. ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಬೇಡ. ನೀರು ಒಳಗೆ ಹೋದರೆ ಕಟ್ಟಿಗೆ ಉಬ್ಬಿ ಬಣ್ಣ ಕೀಳುತ್ತದೆ.

ಎಚ್ಚರಿಕೆ

ತೂಕಕ್ಕೆ ಸೀಸ ಬಳಸಬೇಡಿ, ಮನೆಯಲ್ಲಿ ಕರಗಿಸಲೂ ಬೇಡಿ. ಅದು ಮಕ್ಕಳಿಗೆ, ಬಸುರಿಯರಿಗೆ ವಿಷ. ಕೊಕ್ಕೆಗಳನ್ನು ಮುಚ್ಚಳದ ಡಬ್ಬಿಯಲ್ಲೇ ಇಡಿ. ಮಳೆಗಾಲದಲ್ಲಿ ಕೊರವ ಮೀನು ಮರಿಗಳನ್ನು ಕಾಯುತ್ತಿರುತ್ತದೆ. ಆಗ ತಾಯಿ ತಂದೆ ಮೀನನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೆ ಬೀಳುತ್ತವೆ. ಕೆರೆಯ ಮೀನು ಗುತ್ತಿಗೆ ಯಾರದು ಅಂತ ಕೇಳದೆ ಗಾಳ ಹಾಕಬಾರದು. ಕೊಳ್ಳುವವರಿಗೂ ಈ ಮಾತು ಹೇಳಿರಿ.

ಲೆಕ್ಕ ಹೇಗೆ?

ಇದಕ್ಕಂತ ಸಂಘದ ಸಾಲ ಈಗಲೇ ಎತ್ತಬೇಡಿ. ಮೊದಲು ಹತ್ತು ಮೀನು ಮಾಡಿ. ಕೊಕ್ಕೆ, ತಂತಿ, ಬಣ್ಣದ ಖರ್ಚು ಒಂದು ಕಡೆ, ನಿಮ್ಮ ತಾಸುಗಳ ಕೂಲಿ ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ ಒಂದರ ಅಸಲು ಬೆಲೆ ಸಿಗುತ್ತದೆ. ನಮ್ಮ ದುಡಿಮೆಗೆ ಕೂಲಿ ಹಾಕದೆ "ಲಾಭ ಬಂತು" ಅಂದರೆ ಅದು ಸುಳ್ಳು ಲಾಭ. ಗಾಳದ ಸಾಮಾನಿನ ಅಂಗಡಿಯವರು ಆ ಬೆಲೆಗೆ ಒಪ್ಪಿ, ಮತ್ತೊಮ್ಮೆ ಕೇಳಿದರೆ ಮಾತ್ರ ಮುಂದುವರಿಯಿರಿ. ಒಪ್ಪದಿದ್ದರೆ ಕೈಬಿಡಿ, ಹೋಗುವುದು ಹತ್ತು ಮೀನಿನ ಖರ್ಚು ಮಾತ್ರ, ಸಂಘದ ಉಳಿತಾಯ ಅಲ್ಲ.

ಮುಂದಿನ ಸಭೆಗೆ ಒಂದು ಬಕೆಟ್ ನೀರು ತುಂಬಿ ಇಡ್ರಿ. ತೇಲುತ್ತದೋ ಮುಳುಗುತ್ತದೋ, ಎಲ್ಲರೂ ಕೂಡಿ ನೋಡೋಣ.